ನಾಳೆ ಹೋಗೋರು

ಬುಕ್ಕಸಾಗರ ದಾಟಿ ಕಂಪ್ಲಿ ರಸ್ತೆ ಹಿಡಿದರೆ, ಬಾಳೆ ತೋಟಗಳು ಮುಗಿದು ಬಂಡೆಗಳು ಶುರುವಾಗುವ ಕಡೆ, ತಗಡಿನ ಮನೆಗಳ ಒಂದು ಗುಂಪು ಕಾಣುತ್ತದೆ. ಸುತ್ತಲಿನವರು ಅದನ್ನು ಗಣಿಯವರ ಕ್ಯಾಂಪು ಅನ್ನುತ್ತಾರೆ. ಅಲ್ಲಿ ಗಣಿಯೂ ಇಲ್ಲ, ಕ್ಯಾಂಪು ಅನ್ನುವುದಕ್ಕೆ ಅದು ನಿನ್ನೆ ಮೊನ್ನೆ ಹಾಕಿದ್ದೂ ಅಲ್ಲ. ಹದಿನೈದು ವರ್ಷದಿಂದ ಅಲ್ಲಿ ಒಲೆ ಉರಿಯುತ್ತಿದೆ, ಮದುವೆಗಳಾಗಿವೆ, ಹೆಣಗಳೂ ಎದ್ದಿವೆ. ಆದರೂ ಯಾರಾದರೂ ಬೈಕು ನಿಲ್ಲಿಸಿ, ಯಾವ ಊರು ನಿಮ್ಮದು, ಎಷ್ಟು ದಿನ ಆಯಿತು ಇಲ್ಲಿಗೆ ಬಂದು ಎಂದು ಕೇಳಲಿ, ಮುದುಕರಿಂದ ಹಿಡಿದು ಈಗಷ್ಟೇ ಮಾತು ಕಲಿತ ಕೂಸಿನವರೆಗೆ ಎಲ್ಲರದೂ ಒಂದೇ ಉತ್ತರ: "ನಾವು ನಾಳೆ ಹೋಗೋರು ರೀ."

ಈ ಉತ್ತರವನ್ನು ಕ್ಯಾಂಪಿಗೆ ಕಲಿಸಿದವಳು ಯಮನಮ್ಮ. ಅದನ್ನು ಮರೆಸಲು ಹೋಗಿ ಸೋತವಳೂ ಅವಳೇ.

ಯಮನಮ್ಮ ಹುಟ್ಟಿದ್ದು ಕಂಪ್ಲಿ ಕಡೆಯ ಕೂಲಿಕಾರರ ಮನೆಯಲ್ಲಿ. ಭತ್ತ ನಾಟಿ ಮಾಡುತ್ತ ಬೆಳೆದವಳು ನಾಗೇಂದ್ರಪ್ಪನನ್ನು ಮದುವೆಯಾಗಿ ಸಂಡೂರಿನ ಬೆಟ್ಟ ಹತ್ತಿದಳು. ಆಗ ಗಣಿಗೆ ಬಂಗಾರದ ಕಾಲ. ಹಗಲು ರಾತ್ರಿ ಲಾರಿಗಳು, ಹಗಲು ರಾತ್ರಿ ದೂಳು. ಗಂಡ ಲಾರಿಗೆ ಅದಿರು ತುಂಬುತ್ತಿದ್ದ, ಹೆಂಡತಿ ಕುಕ್ಕರಗಾಲಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದಳು. ಕೂಸು ಪರಶುರಾಮ ಪಕ್ಕದಲ್ಲೇ ಗೋಣಿಚೀಲದ ಮೇಲೆ ಮಲಗಿರುತ್ತಿದ್ದ. ರೊಟ್ಟಿ ಕೆಂಪು, ನೀರು ಕೆಂಪು, ಉಗುಳಿದರೆ ಅದೂ ಕೆಂಪು. ಆ ಬೆಟ್ಟದಿಂದ ಯಾರ್ಯಾರೋ ಮಹಲು ಕಟ್ಟಿಕೊಂಡರು. ನಾಗೇಂದ್ರಪ್ಪ ಕಟ್ಟಿಕೊಂಡದ್ದು ಕೆಮ್ಮು.

ಎರಡು ಸಾವಿರದ ಹನ್ನೊಂದರ ಫೆಬ್ರವರಿಯಲ್ಲಿ ಜನಗಣತಿಯ ಮೇಷ್ಟ್ರೊಬ್ಬರು ಬೆಟ್ಟದ ಮೇಲಿನ ಆ ಕ್ಯಾಂಪಿಗೂ ಬಂದಿದ್ದರು. ಮೇಸ್ತ್ರಿ ಎರ್ರಿಯಪ್ಪ ಅವರನ್ನು ಮದುವೆ ಮನೆಯ ಬೀಗರ ಹಾಗೆ ಗುಡಿಸಲಿಂದ ಗುಡಿಸಲಿಗೆ ಕರೆದುಕೊಂಡು ಹೋದ. ಎಲ್ಲರ ಹೆಸರು ಬರೆಸಿದ, ಎಲ್ಲರ ಗೋಡೆಗೂ ನಂಬರು ಬರೆಸಿದ. ಸರ್ಕಾರದ ಲೆಕ್ಕಕ್ಕೆ ಸೇರಿದೆವು, ಇನ್ನು ನಮ್ಮನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ ಎಂದು ಆ ದಿನ ಕೋಳಿ ಕೊಯ್ಸಿದನಂತೆ.

ಅದೇ ಮಳೆಗಾಲದಲ್ಲಿ ಗಣಿಗಳು ನಿಂತುಹೋದವು. ಯಾಕೆ ನಿಂತವು ಎನ್ನುವುದು ಪೇಪರ್ ಓದುವವರಿಗೆ ಗೊತ್ತಿತ್ತು. ಕ್ಯಾಂಪಿನವರಿಗೆ ಗೊತ್ತಿದ್ದದ್ದು ಇಷ್ಟೇ: ನಂಬರು ಬರೆದರು, ಆಮೇಲೆ ಜೆಸಿಬಿ ಬಂತು. ಕೆಲಸವೇ ಇಲ್ಲದ ಮೇಲೆ ಕೂಲಿಗಳು ಯಾಕೆ ಎಂದು ಜಾಗದ ಯಜಮಾನ ಗುಡಿಸಲುಗಳನ್ನು ಒಂದೇ ಬೆಳಗಿನಲ್ಲಿ ಸಪಾಟು ಮಾಡಿಸಿದ. ಪಾತ್ರೆ ಪಗಡ ತಲೆಯ ಮೇಲೆ ಹೊತ್ತು ಮಳೆಯಲ್ಲಿ ಇಳಿಯುವಾಗ ಎರ್ರಿಯಪ್ಪನ ಹೆಂಡತಿಗೆ ಜ್ವರವಿತ್ತು. ರಸ್ತೆಬದಿಯಲ್ಲೇ ತೀರಿಕೊಂಡಳು. ಎಣಿಸಿಕೊಂಡ ವರ್ಷವೇ ಹೀಗಾಯಿತಲ್ಲ, ಎಣಿಸಿಕೊಳ್ಳದಿದ್ದರೆ ಆಗುತ್ತಿರಲಿಲ್ಲ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ನಗಬೇಡಿ. ಹೆಂಡತಿಯ ಹೆಣವನ್ನು ಬಾಡಿಗೆ ಟ್ರ್ಯಾಕ್ಟರಿನಲ್ಲಿ ಸಾಗಿಸಿದವನಿಗೆ ಹಿಂದುಮುಂದಿನ ಕಾರಣಗಳನ್ನು ಬಿಡಿಸಿ ಹೇಳಲು ಆಗ ಯಾರೂ ಬರಲಿಲ್ಲ.

ಕೂಲಿ ಹುಡುಕುತ್ತ ಅವರೆಲ್ಲ ಬಂದು ಬಿದ್ದದ್ದು ಈ ಬಂಡೆಗಳ ನಡುವೆ. ತಗಡು ನಿಲ್ಲಿಸಿ ಇನ್ನೂ ವಾರ ಆಗಿರಲಿಲ್ಲ, ಯಾರೋ ಒಬ್ಬ ಬೈಕಿನಲ್ಲಿ ಬಂದು ಯಾರನ್ನು ಕೇಳಿ ಕೂತಿದ್ದೀರಿ ಎಂದು ಗದರಿದ. ಗಂಡಸರು ಬಾಯಿ ಬಿಡಲಿಲ್ಲ. ಒಲೆಯ ಮುಂದೆ ಕೂತಿದ್ದ ಯಮನಮ್ಮ ತಲೆ ಎತ್ತದೆಯೇ ಹೇಳಿದಳು: "ನಾಳೆ ಹೋಗೋರು ರೀ ನಾವು. ಒಂದ್ ರಾತ್ರಿ ಇದ್ದು ಹೋಗ್ತೀವಿ." ಅವನು ಗೊಣಗುತ್ತ ಹೋದ. ಮತ್ತೆ ಯಾರೋ ಬಂದರು, ಮತ್ತೆ ಅದೇ ಮಾತು. ಮಂತ್ರ ಫಲಿಸಿತು. ವರ್ಷಗಳು ಉರುಳಿದವು, ನಾಗೇಂದ್ರಪ್ಪ ಕೆಮ್ಮುತ್ತಲೇ ಹೋದ, ಪರಶುರಾಮ ಮೀಸೆ ತಿರುವುವಷ್ಟು ಬೆಳೆದ, ಕ್ಯಾಂಪಿನವರು ಮಾತ್ರ ದಿನಾ ನಾಳೆ ಹೋಗುವವರಾಗಿಯೇ ಉಳಿದರು.

ವೋಟು ಇನ್ನೂ ಸಂಡೂರು ಕಡೆಗೇ ಇದೆ. ಚುನಾವಣೆ ಬಂದಾಗ ಅವರನ್ನು ಹುಡುಕಿಕೊಂಡು ಗಾಡಿ ಬರುತ್ತದೆ. ಉಳಿದ ದಿನಗಳಲ್ಲಿ ಅವರು ಎಲ್ಲಿದ್ದಾರೆಂದು ಹುಡುಕುವ ಗರಜು ಯಾರಿಗೂ ಇಲ್ಲ.

ಪರಶುರಾಮ ವಡ್ಡು ಎಂಬ ಊರಿನ ಕಡೆಯ ಫ್ಯಾಕ್ಟರಿಗಳಿಗೆ ಟಿಪ್ಪರ್ ಹೊಡೆಯುತ್ತಾನೆ. ಅವನ ಹೆಂಡತಿ ಅಂಜಲಿ ಅತ್ತೆಯ ಜೊತೆ ನಾಟಿಗೆ, ಕಳೆಗೆ ಹೋಗುತ್ತಿದ್ದಳು. ಅವರ ಮೊದಲನೆಯ ಮಗಳು ಹುಲಿಗೆಮ್ಮ.

ಕ್ಯಾಂಪಿನಲ್ಲಿ ಕೂಸುಗಳನ್ನು ಬಿಟ್ಟುಹೋಗಲು ಜಾಗವಿಲ್ಲ. ಬುಕ್ಕಸಾಗರದ ಅಂಗನವಾಡಿ ದೂರ, ಕೂಸು ಬಿಟ್ಟು ಬರುವ ಹೊತ್ತಿಗೆ ಗದ್ದೆಯಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಆದ್ದರಿಂದ ಕೂಸುಗಳೂ ಗದ್ದೆಗೆ ಹೋಗುತ್ತವೆ. ಹಳೆ ಸೀರೆಯ ತುಂಡನ್ನು ಕೂಸಿನ ಉಡಿದಾರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕಾಲುವೆ ಏರಿಯ ಬೇವಿನ ಮರಕ್ಕೆ ಬಿಗಿಯುತ್ತಾರೆ. ನೆರಳೂ ಆಯಿತು, ಕಣ್ಣಳತೆಯಲ್ಲೂ ಆಯಿತು. ಇದನ್ನು ಕೇಳಿ ಅಯ್ಯೋ ಎನ್ನುವವರು ಇದ್ದಾರೆ. ಅಯ್ಯೋ ಎಂದವರಲ್ಲಿ ಒಬ್ಬರೂ ಒಂದು ದಿನ ಬಂದು ಕೂಸು ನೋಡಿಕೊಂಡಿಲ್ಲ.

ಮೂರು ವರ್ಷದ ಹುಲಿಗೆಮ್ಮ ಬಲು ಚುರುಕು. ಗಂಟು ಬಿಚ್ಚುವುದನ್ನು ಯಾವಾಗ ಕಲಿತಳೋ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಬಗ್ಗಿ ಸಸಿ ಹಚ್ಚುತ್ತಿದ್ದರು. ಸಾಲು ಮುಗಿಸಿ ತಲೆ ಎತ್ತಿದಾಗ ಮರದ ಕೆಳಗೆ ಸೀರೆಯ ತುಂಡು ಮಾತ್ರ ಇತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ಕೂಸು ಸಿಕ್ಕಿದ್ದು ಕೆಳಗಿನ ತೂಬಿನ ಹತ್ತಿರ.

ಆಮೇಲೆ ಅಂಜಲಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅತ್ತೆಯನ್ನು ಬೈಯಲಿಲ್ಲ, ದೇವರನ್ನೂ ಬೈಯಲಿಲ್ಲ. ಕಾಲುವೆ ಕಡೆ ಹೋಗುವುದನ್ನು ನಿಲ್ಲಿಸಿದಳು, ಅಷ್ಟೆ. ಆ ಕಡೆಯಿಂದ ಗಾಳಿ ಬೀಸಿದರೆ ಬಾಗಿಲು ಮುಂದೆ ಮಾಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಯಮನಮ್ಮನಿಗೆ ಎಷ್ಟೋ ಸಲ ಅನ್ನಿಸಿತು. ಎದೆಯ ಮೇಲೆ ಬಂಡೆ ಇಟ್ಟುಕೊಂಡೇ ಅವಳು ಆ ಮನೆಯಲ್ಲಿ ಉಂಡಳು, ಮಲಗಿದಳು.

ಎರಡನೆಯ ಕೂಸು ಹುಟ್ಟಿತು, ಮತ್ತೆ ಹೆಣ್ಣು. ಪರಶುರಾಮ ಸ್ಫೂರ್ತಿ ಎಂದು ಹೆಸರಿಟ್ಟ. ಕೂಸು ಮಗ್ಗುಲಾದರೆ ಯಮನಮ್ಮನಿಗೆ ಸಂತೋಷ, ಅಂಬೆಗಾಲಿಟ್ಟರೆ ಭಯ. ಇದು ನಡೆಯುವುದನ್ನು ಕಲಿಯುತ್ತದೆ, ಅಂಜಲಿ ಮತ್ತೆ ಕೂಲಿಗೆ ಹೋಗಲೇಬೇಕಾಗುತ್ತದೆ, ಆಗ ಇದನ್ನು ಎಲ್ಲಿ ಬಿಡುವುದು? ಈ ಒಂದು ಪ್ರಶ್ನೆ ಅವಳನ್ನು ಹೊಸಪೇಟೆಯ ಅಂಗನವಾಡಿ ಇಲಾಖೆಯ ಕಚೇರಿಯ ಮೆಟ್ಟಿಲು ಹತ್ತಿಸಿತು. ಹತ್ತಿಸಿತು, ಇಳಿಸಿತು, ಮತ್ತೆ ಹತ್ತಿಸಿತು.

ಅಲ್ಲಿದ್ದ ಗುಮಾಸ್ತ ಕೆಟ್ಟವನೇನಲ್ಲ. ಕುಂದ್ರಿ ಎಂದ, ನೀರು ಕೊಟ್ಟ, ಕಂಪ್ಯೂಟರಿನಲ್ಲಿ ಏನೋ ನೋಡಿದ.

"ಅಮ್ಮಾ, ಹೊಸ ಅಂಗನವಾಡಿ ಕೇಳಬೇಕಂದ್ರ ಜನಸಂಖ್ಯೆ ತೋರಿಸಬೇಕು. ನಮ್ಮತ್ರ ಇರೋದು ಹನ್ನೊಂದರ ಲೆಕ್ಕ. ನೀವು ಹೇಳೋ ಜಾಗದಾಗ ಒಬ್ರೂ ಇಲ್ಲ."

"ನಾವು ಅದೀವಲ್ರೀ."

"ಇದೀರಿ. ಲೆಕ್ಕದಾಗ ಇಲ್ಲ. ನಿಮ್ಮನ್ನ ಆಗ ಸಂಡೂರು ಗುಡ್ಡದಾಗ ಬರಕೊಂಡಾರ. ಮುಂದಿನ ಜನಗಣತಿ ಆಗಲಿ, ಆಗ ಬರ್ರಿ."

ಅಂದರೆ ಬರೀ ಕಲ್ಲು ಉಳಿದ ಬೆಟ್ಟದಲ್ಲಿ ಇವರು ಇನ್ನೂ ವಾಸವಾಗಿದ್ದರು, ಉಸಿರಾಡುತ್ತಿರುವ ಕಡೆ ಇರಲಿಲ್ಲ. ಮುಂದಿನ ಜನಗಣತಿಯೋ, ಹತ್ತು ವರ್ಷಕ್ಕೆ ಬರಬೇಕಾದದ್ದು ಮುಂದೆ ಹೋಗುತ್ತಲೇ ಇತ್ತು. ಯಮನಮ್ಮ ಅದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಟೀವಿ ಇರುವ ಮನೆಯವರನ್ನು ಕಂಡಾಗಲೆಲ್ಲ "ಎಣಿಸೋರು ಯಾವಾಗ ಬರ್ತಾರಂತ ಹೇಳ್ಯಾರೇನ್ರಿ?" ಎಂದು ಕೇಳುವಳು. ಸೊಸೈಟಿ ಅಕ್ಕಿ ಯಾವಾಗ ಬರುತ್ತದೆ ಎಂದು ಕೇಳುವವರನ್ನು ಕಂಡಿದ್ದೇವೆ, ಜನಗಣತಿಗೆ ಕಾದು ಕೂತವಳು ಆ ಸೀಮೆಯಲ್ಲಿ ಇವಳೊಬ್ಬಳೇ ಇರಬೇಕು.

ಕೊನೆಗೂ ಒಂದು ಬೇಸಿಗೆಯಲ್ಲಿ ಮನೆಪಟ್ಟಿ ಮಾಡಲು ಟೀಚರ್ ಕಾವ್ಯ ಬಂದಳು. ಚಿತ್ತವಾಡ್ಗಿಯವಳು, ಶಾಲೆಗೆ ರಜೆ ಇದ್ದರೂ ಇವಳಿಗೆ ಇರಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು, ತಲೆಯ ಮೇಲೆ ಒದ್ದೆ ಮಾಡಿಕೊಂಡ ದುಪಟ್ಟಾ. ಯಮನಮ್ಮ ಆ ದಿನ ಕೂಲಿ ಬಿಟ್ಟು ಅವಳ ಹಿಂದೆಯೇ ತಿರುಗಿದಳು. ಮನೆಮನೆಗೂ ಮಾರ್ಕರಿನಲ್ಲಿ ನಂಬರು ಬರೆದದ್ದಾಯಿತು. ಮನೆ ಮುಂದಿನ ಬೇವಿನ ನೆರಳಿಗೆ ಕೂರಿಸಿ ಮಜ್ಜಿಗೆ ಕೊಟ್ಟು ಯಮನಮ್ಮ ಕೇಳಿದಳು.

"ಆಧಾರ್ ಕಾರ್ಡು, ರೇಷನ್ ಕಾರ್ಡು ಎಲ್ಲಾ ಸಂಡೂರಿನವು ಅದಾವ್ರಿ. ನಡೀತೈತೇನ್ರಿ?"

"ಯಾವ ಕಾರ್ಡೂ ಬ್ಯಾಡಮ್ಮ. ನೀವು ಬಾಯಿಲೆ ಹೇಳ್ರಿ, ನಾ ಬರಕೊಂತೀನಿ. ಯಾವಾಗ್ಲೂ ಎಲ್ಲಿ ಇರ್ತೀರೋ ಅಲ್ಲೇ ಬರಸಬೇಕು, ಅದೊಂದೇ. ಇದು ಮನಿ ಪಟ್ಟಿ. ತಲಿ ಎಣಿಸಾಕ ಫೆಬ್ರವರಿಯಾಗ ಮತ್ತ ಬರ್ತೀನಿ. ಮೊಬೈಲ್ ಬಲ್ಲೋರು ಇದ್ರ ತಾವೇ ತುಂಬಬಹುದು."

"ಜಾಗದೋರಿಗೆ ಹೇಳ್ತಾರೇನ್ರಿ? ಪೊಲೀಸ್ರಿಗೆ?"

"ಯಾರಿಗೂ ಹೇಳಂಗಿಲ್ಲ. ಕೋರ್ಟ್ ಕೇಳಿದ್ರೂ ಒಬ್ಬೊಬ್ಬರ ಹೆಸ್ರು ಕೊಡಂಗಿಲ್ಲ, ಕಾಯ್ದೆನೇ ಹಂಗೈತಿ. ಯಾರಾರ ಬಂದು ಎಣಿಕಿಗೆ ದುಡ್ಡು ಕೇಳಿದ್ರ, ಫೋನಿಗೆ ಬಂದ ನಂಬರ್ ಕೇಳಿದ್ರ, ಅವರು ನಮ್ಮೋರಲ್ಲ. ಮೊದ್ಲು ಈ ಚೀಟಿ ತೋರಿಸು ಅನ್ರಿ."

"ನಾವೆಲ್ಲಾ ಬರಸಿದ್ರ ಇಲ್ಲಿ ಅಂಗನವಾಡಿ ಆಗತೈತಲ್ರೀ?"

ಕಾವ್ಯ ಲೋಟ ಕೆಳಗಿಟ್ಟಳು. ಸುಳ್ಳು ಆಸೆ ಹಚ್ಚುವುದು ಅವಳಿಗೆ ಸುಲಭವಿತ್ತು, ಹಚ್ಚಲಿಲ್ಲ. "ಆಗತೈತಿ ಅಂತ ನಾ ಮಾತು ಕೊಡಂಗಿಲ್ಲಮ್ಮ. ಆದ್ರ ಲೆಕ್ಕದಾಗ ಮಂದಿ ಇಲ್ಲದ ಜಾಗಕ್ಕ ಆಗಂಗಿಲ್ಲ, ಇದಂತೂ ಖರೆ."

ಮರುದಿನ ಬೆಳಿಗ್ಗೆ ನೋಡಿದರೆ ಒಂದು ಮನೆಯ ಮೇಲೂ ನಂಬರು ಇರಲಿಲ್ಲ. ಎರ್ರಿಯಪ್ಪ ಸಗಣಿ ಬಕೆಟ್ ಹಿಡಿದು ಸಾಲಾಗಿ ಬಳಿದುಕೊಂಡು ಬಂದಿದ್ದ, ಉಳಿದವರು ತಂತಮ್ಮ ಮನೆಯದನ್ನು ತಾವೇ ಬಳಿದಿದ್ದರು. ಯಮನಮ್ಮನ ಬಾಗಿಲಿಗೂ ಸಗಣಿ ಬಿದ್ದಿತ್ತು. ಅವಳು ಬುಕ್ಕಸಾಗರಕ್ಕೆ ಓಡಿಹೋಗಿ ಕಾವ್ಯಳಿಗೆ ಫೋನು ಹಚ್ಚಿಸಿದಳು. ಕಾವ್ಯ ಸಮಾಧಾನ ಹೇಳಿದಳು, ಮನೆಗಳೆಲ್ಲ ಮೊಬೈಲಿನಲ್ಲಿ ಇವೆ, ಗೋಡೆಯದು ಅಳಿಸಿದರೆ ಏನೂ ಆಗುವುದಿಲ್ಲ, ಫೆಬ್ರವರಿಯಲ್ಲಿ ಮಂದಿ ಬಾಗಿಲು ತೆಗೆದು ಬಾಯಿ ಬಿಟ್ಟರೆ ಸಾಕು. ಬಾಯಿ ಬಿಡಿಸುವುದೇ ಕಷ್ಟ ಎಂದು ಯಮನಮ್ಮ ಹೇಳಲಿಲ್ಲ.

ಅಲ್ಲಿಂದ ಶುರುವಾಯಿತು ಅವಳ ತಿರುಗಾಟ. ಗದ್ದೆಯ ಕೆಸರಲ್ಲಿ, ನೀರಿನ ಟ್ಯಾಂಕರಿನ ಸಾಲಲ್ಲಿ, ಸಂತೆಗೆ ಹೋಗುವ ಆಟೋದಲ್ಲಿ, ಎಲ್ಲಿ ನಾಲ್ಕು ಮಂದಿ ಸೇರಿದರೂ ಅವಳದು ಒಂದೇ ಪುರಾಣ. ಕೆಲವರು ಹೂಂಗುಟ್ಟಿದರು, ಕೆಲವರು ಮುಖ ತಿರುಗಿಸಿದರು. ಯಮನಮ್ಮ ಬಂದಳು, ಇನ್ನು ತಲೆ ತಿನ್ನುತ್ತಾಳೆ ಎಂದು ಹುಡುಗರು ನಕ್ಕರು. ಎರ್ರಿಯಪ್ಪನ ಹತ್ತಿರವೂ ಹೋದಳು.

"ಅಣ್ಣಾ, ಎಣಿಸಿದ್ದಕ್ಕ ಅಲ್ಲ ಕ್ಯಾಂಪ್ ಹೋಗಿದ್ದು. ಗಣಿ ನಿಂತಿದ್ದಕ್ಕ ಹೋತು."

"ಗಣಿ ಯಾಕ ನಿಂತು? ಯಾರ ಲೆಕ್ಕಕ್ಕೂ ಬರದಂಗ ಇದ್ವಿ, ಚೆಂದ ಇದ್ವಿ. ಲೆಕ್ಕಕ್ಕ ಬಂದ್ವಿ, ಬೀದಿಗೆ ಬಂದ್ವಿ. ನನ್ನ ಹೇಣ್ತಿ ಇಲ್ಲ ಈಗ. ನಿನ್ನ ಟೀಚರ್ ಕೊಡ್ತಾಳೇನು?"

ಅವನ ಹೆಂಡತಿಯ ಮಾತು ಬಂದ ಮೇಲೆ ಯಮನಮ್ಮ ವಾದ ಮಾಡಲಿಲ್ಲ. ತನ್ನ ಮೊಮ್ಮಗಳ ಮಾತು ತೆಗೆಯಬಹುದಿತ್ತು. ಹೆಣಕ್ಕೆ ಹೆಣ ತೂಗಿ ಗೆಲ್ಲುವ ಮನಸ್ಸಾಗಲಿಲ್ಲ.

ಹೆಂಗಸರು ಮಾತ್ರ ನಿಧಾನವಾಗಿ ಅವಳ ಕಡೆ ಬಂದರು. ಕೂಸು ಕಟ್ಟಿ ಕೆಲಸ ಮಾಡುವ ಯಾವ ತಾಯಿಗೆ ಹುಲಿಗೆಮ್ಮ ನೆನಪಿರಲಿಲ್ಲ? ಉಚ್ಚೆಂಗಮ್ಮ ಎನ್ನುವ ಒಬ್ಬಳು, ಎರಡು ವರ್ಷದ ಮಗನನ್ನು ಕಂಕುಳಲ್ಲಿ ಹೊತ್ತುಕೊಂಡೇ ಓಡಾಡುವವಳು, ಗಟ್ಟಿಯಾಗಿ ಹೇಳಿದಳು: "ನಾ ಬರಸ್ತೀನಿ ಅತ್ತಿ. ನನ್ನ ಗಂಡ ಬ್ಯಾಡಂದ್ರೂ ಬರಸ್ತೀನಿ." ಅವಳ ಹಿಂದೆ ಇನ್ನೂ ಕೆಲವರು ತಲೆಯಾಡಿಸಿದರು. ಸಂಕ್ರಾಂತಿ ಹೊತ್ತಿಗೆ ಯಮನಮ್ಮನ ಮುಖದಲ್ಲಿ ಕಳೆ ಬಂದಿತ್ತು. ಸ್ಫೂರ್ತಿ ಅಷ್ಟರಲ್ಲಿ ಗೋಡೆ ಬಿಟ್ಟು ನಡೆಯುತ್ತಿತ್ತು.

ಅಂಜಲಿಯನ್ನು ಅವಳು ಕೇಳಲೇ ಇಲ್ಲ. ಸ್ವಂತ ಸೊಸೆಯನ್ನು ಕೇಳುವುದೇನಿದೆ? ಇಷ್ಟೆಲ್ಲ ಮಾಡುತ್ತಿರುವುದೇ ಅವಳ ಕೂಸಿಗಾಗಿ. ಇಡೀ ಕ್ಯಾಂಪಿನ ಬಾಯಿ ಬಿಡಿಸಲು ಹೊರಟವಳು ತನ್ನ ಮನೆಯ ಮೂಲೆಯ ಮೌನವನ್ನು ಒಪ್ಪಿಗೆ ಎಂದುಕೊಂಡಳು.

ಫೆಬ್ರವರಿ ಬಂತು. ಕಾವ್ಯ ಬರುವುದಕ್ಕೆ ಸ್ವಲ್ಪ ದಿನ ಮುಂಚೆ ಬಂಡೆಗಳ ಆಚೆ ಒಂದು ಜೀಪು ನಿಂತಿತು. ತಲೆಗೆ ಟೋಪಿ ಹಾಕಿಕೊಂಡ ಇಬ್ಬರು ಮೂರು ಕಾಲಿನ ಯಂತ್ರ ನಿಲ್ಲಿಸಿ ಅಳತೆ ಮಾಡಿದರು, ಅಲ್ಲಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆದು ಹೋದರು. ಕಾಲುವೆ ದುರಸ್ತಿಗೆ ಬಂದವರು ಅವರು, ಜನಗಣತಿಗೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ. ಯಮನಮ್ಮ ಹೋಗಿ ವಿಚಾರಿಸಿಯೂ ಬಂದಳು. ಆದರೆ ಕೆಂಪು ಬಣ್ಣ ಕಂಡ ಮೇಲೆ ಯಾರಿಗೆ ಬೇಕು ವಿಚಾರ? ಸಂಜೆಯೊಳಗೆ ಕ್ಯಾಂಪಿನ ತುಂಬ ಒಂದೇ ಸುದ್ದಿ: ಬೇಸಿಗೆಯಲ್ಲಿ ಟೀಚರ್ ಮನೆ ಬರೆದುಕೊಂಡು ಹೋದಳು, ಈಗ ಅಳತೆಗೆ ಬಂದರು, ತಲೆ ಎಣಿಸಿದ ಮೇಲೆ ಜೆಸಿಬಿ. ಎರ್ರಿಯಪ್ಪ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದ, ಮಂದಿ ತಾವೇ ಹೋಗಿ ಅವನ ಸುತ್ತ ಕೂತರು.

ಕಾವ್ಯ ಬೆಳಿಗ್ಗೆಯೇ ಬಂದಳು. ಮೊದಲ ಮನೆ ಎರ್ರಿಯಪ್ಪನದು.

"ಎಷ್ಟ್ ಮಂದಿ ಇದೀರಿ ತಾತ?"

"ಇಲ್ಲಿಯವರಲ್ರೀ ನಾವು. ಸಂಡೂರು ಕಡೇರು. ಅಲ್ಲೇ ಬರಿಸೀವಿ. ಕೂಲಿಗೆ ಬಂದೀವಿ, ನಾಳೆ ಹೋಗೋರು."

ಎರಡನೆಯ ಮನೆಯಲ್ಲೂ ಅದೇ. ಮೂರನೆಯದರಲ್ಲೂ ಅದೇ. ಕೆಲವು ಬಾಗಿಲಿಗೆ ಬೀಗ, ಒಳಗಿಂದ ಕೂಸು ಅಳುವ ಸದ್ದು. ಕಾವ್ಯ ತಾಳ್ಮೆಯಿಂದ ಪ್ರತಿ ಬಾಗಿಲಲ್ಲೂ ಹೇಳಿದ್ದನ್ನೇ ಹೇಳಿದಳು, ಕಾರ್ಡು ಬೇಡ, ಯಾರಿಗೂ ಹೆಸರು ಹೋಗುವುದಿಲ್ಲ, ಇದರಿಂದ ಯಾರನ್ನೂ ಎಬ್ಬಿಸುವುದಿಲ್ಲ. ಅವರೂ ಹೇಳಿದ್ದನ್ನೇ ಹೇಳಿದರು. ಉಚ್ಚೆಂಗಮ್ಮನ ಬಾಗಿಲಿಗೆ ಬಂದಾಗ ಯಮನಮ್ಮ ಟೀಚರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ನಿಂತಳು. ಉಚ್ಚೆಂಗಮ್ಮ ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ಗೂಟದ ಕಡೆ ನೋಡಿದಳು. ಮಗನ ಮೂಗು ಸೆರಗಿನಿಂದ ಒರೆಸುತ್ತ, ನೆಲಕ್ಕೆ ಕೇಳುವ ಹಾಗೆ ಅಂದಳು: "ನಾಳೆ ಹೋಗೋರು ರೀ."

ಯಮನಮ್ಮನಿಗೆ ತಡೆಯಲಾಗಲಿಲ್ಲ.

"ಸುಳ್ಳು ಮೇಡಂ! ಎಲ್ಲಾ ಸುಳ್ಳು! ಹದಿನೈದು ವರ್ಷದಿಂದ ಇಲ್ಲೇ ಅದಾರ ಇವರು. ಇಕಿ ಮದುವಿ ಇಲ್ಲೇ ಆತು, ಕೂಸು ಇಲ್ಲೇ ಹುಟ್ಟೈತಿ. ಎಲ್ಲ್ಯೂ ಬರಿಸಿಲ್ಲ, ಎಲ್ಲ್ಯೂ ಹೋಗಂಗಿಲ್ಲ. ಬರಕೊಳ್ರಿ ನೀವು, ನಾ ಹೇಳ್ತೀನಿ ಎಲ್ಲಾರ ಹೆಸ್ರು!"

ಎರ್ರಿಯಪ್ಪ ಎದ್ದು ಬಂದ. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಎದುರಿಸಬಹುದಿತ್ತು. ಕನಿಕರದ ದನಿಯಲ್ಲಿ ಟೀಚರಿಗೆ ಹೇಳಿದ: "ಮೊಮ್ಮಗಳು ನೀರಾಗ ಹೋದ ಮ್ಯಾಲ ಈಕಿಗೆ ತಲಿ ನಿಂತಿಲ್ರೀ ಮೇಡಂ. ಮನಸಿಗೆ ಹಚ್ಕೋಬ್ಯಾಡ್ರಿ." ಆಮೇಲೆ ಇವಳ ಕಡೆ ತಿರುಗಿ, "ಈ ಮಾತು ಕಲಿಸಿದಾಕಿ ನೀನ, ಯಮನವ್ವ. ಇದರಿಂದನ ಇಷ್ಟು ವರ್ಷ ನಮ್ಮ ತಲಿ ಮ್ಯಾಲ ತಗಡು ಉಳದೈತಿ. ಈಗ ನೀನ ಕಿತ್ತು ಒಗೀತೀಯೇನು?" ಎಂದ.

ಅವಳು ಸುತ್ತ ನೋಡಿದಳು. ಒಬ್ಬರಾದರೂ, ಒಬ್ಬ ಹೆಂಗಸಾದರೂ ಮಾತಾಡಿಯಾಳು ಎಂದು ಕಾದಳು. ಎಲ್ಲರೂ ತಂತಮ್ಮ ಕೂಸುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಕಾವ್ಯಳ ಮುಖ ಬಾಡಿತ್ತು. "ಮನಿಯೋರು ಬ್ಯಾರೆ ಕಡೆ ಬರಿಸೀವಿ ಅಂದ್ರ ನಾ ಏನ್ ಬರೀಲಮ್ಮ? ನೀವು ಹೇಳಿದ್ದು ಖರೆ ಅಂತ ನಂಗೊತ್ತು. ಇನ್ನೂ ಎರಡು ಸಲ ಬರ್ತೀನಿ, ಕಡೀ ದಿನದ ತನಕ ಬರ್ತೀನಿ. ಈಗ ನಿಮ್ಮ ಮನಿ ಬರಕೊಳ್ಳೋಣು, ಬರ್ರಿ."

ಹೌದು, ತನ್ನ ಮನೆಯಾದರೂ ಇದೆಯಲ್ಲ. ಯಮನಮ್ಮ ಕಣ್ಣು ಒರೆಸಿಕೊಂಡು ಮುಂದೆ ನಡೆದಳು. ಬಾಗಿಲಲ್ಲಿ ಚಾಪೆ ಹಾಸಿದಳು. ನಾಲ್ಕು ಮಂದಿ ಬರೆಸಿದರೆ ಈ ಜಾಗ ಸೊನ್ನೆಯಂತೂ ಆಗುವುದಿಲ್ಲ. ಇವತ್ತು ನಾವು ನಾಲ್ಕು ಮಂದಿ ಬರೆಸಿದ್ದನ್ನು ನೋಡಿ, ಏನೂ ಕೇಡಾಗಲಿಲ್ಲ ಎಂದು ಗೊತ್ತಾಗಿ, ಟೀಚರ್ ಮತ್ತೆ ಬಂದಾಗ ಉಚ್ಚೆಂಗಮ್ಮ ಬರೆಸಿಯಾಳು. ಅವಳನ್ನು ನೋಡಿ ಇನ್ನೊಬ್ಬಳು. ಮುಳುಗುವವರ ಲೆಕ್ಕಾಚಾರ ಹೀಗೆಯೇ ಇರುತ್ತದೆ.

"ಬರಕೊಳ್ರಿ ಮೇಡಂ. ನಾನು ಯಮನಮ್ಮ. ಮಗ ಪರಶುರಾಮ. ಸೊಸಿ ಅಂಜಲಿ. ಕೂಸು ಸ್ಫೂರ್ತಿ. ನಾಕು ಮಂದಿ."

ಒಳಗಿನಿಂದ ಅಂಜಲಿ ಬಂದಳು. ಕೂಸು ಸೊಂಟದ ಮೇಲಿತ್ತು. ಅದಕ್ಕೆ ಹೊಸ ಅಂಗಿ ಹಾಕಿದ್ದಳು.

"ನಮ್ಮ ಮೂರು ಮಂದೀನ ಬರಕೋಬ್ಯಾಡ್ರಿ ಮೇಡಂ. ನಾವು ನಾಳೆ ಹೋಗೋರು."

ಯಮನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವರ ಹೆದರಿಕೆ ಇವಳಿಗೂ ಹತ್ತಿತೇ? "ಲೇ ಅಂಜಲಿ, ನಿಂಗೂ ಅವರ ಗಾಳಿ ಹೊಡೀತೇನು? ಯಾಕ ಸುಳ್ಳು ಹೇಳ್ತಿ?"

"ನಾ ಸುಳ್ಳು ಹೇಳಂಗಿಲ್ಲ ಅತ್ತಿ."

ಆಗ ಯಮನಮ್ಮ ಒಳಗೆ ನೋಡಿದಳು. ಗೋಡೆಯ ಮೊಳೆಗೆ ತೂಗಿದ್ದ ಬಟ್ಟೆಗಳು ಇರಲಿಲ್ಲ. ಎರಡು ಗಂಟು ಕಟ್ಟಿ ಇಟ್ಟಿತ್ತು. ಪರಶುರಾಮ ಗಂಟಿನ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಅವ್ವನ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

"ನಿಮ್ಮ ಮಗ ವಡ್ಡಿನಾಗ ರೂಮ್ ಹಿಡಿದಾರ," ಎಂದಳು ಅಂಜಲಿ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನೀವು ಅಂಗನವಾಡಿ ತರ್ತೀರಿ ಅತ್ತಿ, ನಂಗೊತ್ತು, ಹತ್ತು ವರ್ಷಕ್ಕಾದ್ರೂ ತರ್ತೀರಿ. ಅಂಗನವಾಡಿ ಬಂದ್ರ ಕಾಲುವಿ ಹೋಗತೈತೇನು? ಅದರ ಸದ್ದು ಕೇಳಿಕೊಂಡು ನಾ ಈ ಕೂಸಿಗೆ ಅನ್ನ ತಿನಿಸಬೇಕೇನು? ಇಲ್ಲೇ ಅದೀವಿ ಅಂತ ಬರಸ್ರಿ ಅಂತೀರಿ. ನಾ ಇಲ್ಲಿ ಇಲ್ಲ ಅತ್ತಿ. ಅಕಿ ಹೋದ ದಿನದಿಂದ ನಾ ಇಲ್ಲಿ ಇಲ್ಲ."

ಕೂಸು ಅಜ್ಜಿಯ ಕಡೆ ಕೈ ಚಾಚಿತು. ಯಮನಮ್ಮ ಎತ್ತಿಕೊಳ್ಳಲಿಲ್ಲ, ಎತ್ತಿಕೊಂಡರೆ ಬಿಡಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸೊಸೆಯ ಮೇಲೆ ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ. ಕೂಸು ಬದುಕಲಿ ಎಂದು ತಾನು ಇಷ್ಟು ದಿನ ಒದ್ದಾಡಿದಳು, ಕೂಸು ಬದುಕಲಿ ಎಂದೇ ಸೊಸೆ ಹೊರಟಿದ್ದಾಳೆ. ಜಗಳ ಆಡುವುದಕ್ಕೂ ಅಲ್ಲಿ ಏನೂ ಉಳಿದಿರಲಿಲ್ಲ.

"ನೀವೂ ಬರ್ರಿ ಅತ್ತಿ," ಎಂದಳು ಅಂಜಲಿ ಮೆಲ್ಲಗೆ. "ನಾಕು ಮಂದಿ ಅಲ್ಲೇ ಬರಸೋಣು."

ಯಮನಮ್ಮ ಹೊರಗೆ ನೋಡಿದಳು. ಸಾಲಾಗಿ ಮುಚ್ಚಿದ ಬಾಗಿಲುಗಳು. ಒಳಗೆಲ್ಲ ಮಂದಿ, ಹೊರಗಿಂದ ನೋಡಿದವರಿಗೆ ಯಾರೂ ಇಲ್ಲ. ತಾನೂ ಹೋದರೆ ಈ ಜಾಗ ಮತ್ತೆ ಸೊನ್ನೆ. ಅದನ್ನು ಯೋಚಿಸಿ ತೂಗಿ ನೋಡುವಷ್ಟು ಶಕ್ತಿ ಅವಳಲ್ಲಿರಲಿಲ್ಲ, ಕಾಲು ಏಳಲಿಲ್ಲ, ಅಷ್ಟೆ.

"ಹಂಗಾರ ಈ ಮನ್ಯಾಗ ಎಷ್ಟ್ ಮಂದಿ ಅಂತ ಬರೀಲಮ್ಮ?" ಕಾವ್ಯ ಕೇಳಿದಳು.

"ಒಬ್ಬಾಕಿ."

"ಮಕ್ಕಳು?"

"ಇಲ್ರೀ."

ಕಾವ್ಯ ಬರೆದುಕೊಂಡಳು. ವಯಸ್ಸು, ಕೆಲಸ, ಊರು ಕೇಳಿದಳು, ಯಮನಮ್ಮ ಎಲ್ಲದಕ್ಕೂ ಉತ್ತರ ಕೊಟ್ಟಳು. ಹುಟ್ಟಿದ್ದು ಎಲ್ಲಿ ಎಂದಾಗ ಕಂಪ್ಲಿ ಕಡೆ ಎಂದಳು. ಇಲ್ಲಿಗೆ ಬಂದು ಎಷ್ಟು ವರ್ಷ ಎಂದಾಗ, ಜೀವಮಾನದಲ್ಲಿ ಮೊದಲ ಸಲ, ಇದ್ದ ವರ್ಷಗಳನ್ನು ಇದ್ದ ಹಾಗೆ ಹೇಳಿದಳು.

ಮಾರನೆಯ ದಿನ ಟೆಂಪೊ ಬಂತು, ಮೂವರೂ ಹೋದರು. ಕಾವ್ಯ ಹೇಳಿದಂತೆ ಇನ್ನೂ ಎರಡು ಸಲ ಬಂದಳು, ಬಾಗಿಲು ಬಾಗಿಲು ತಟ್ಟಿದಳು. ಕೊನೆಯ ದಿನವೂ ದಾಟಿಹೋಯಿತು. ಗೂಟಗಳ ಹತ್ತಿರ ಯಾವ ಜೆಸಿಬಿಯೂ ಬರಲಿಲ್ಲ. ನಮ್ಮ ಮಾತಿನಿಂದಲೇ ಬರಲಿಲ್ಲ ಎಂದು ಎರ್ರಿಯಪ್ಪ ಹೇಳಿದ, ಎಲ್ಲರೂ ನಂಬಿದರು.

ತಲೆ ಎಣಿಕೆಯ ಲೆಕ್ಕದ ಪ್ರಕಾರ ಬುಕ್ಕಸಾಗರದ ಆಚೆಯ ಬಂಡೆಗಳ ನಡುವೆ ಈಗ ಮಂದಿ ಇರುವುದು ಒಂದೇ ಮನೆಯಲ್ಲಿ, ಅದರಲ್ಲೂ ಒಬ್ಬಳೇ ಹೆಂಗಸು. ಒಬ್ಬಳು ಮುದುಕಿಗೆ ಅಂಗನವಾಡಿ ಕೊಡುವ ಸರ್ಕಾರ ಎಲ್ಲೂ ಇಲ್ಲ. ಮತ್ತೆ ಎಣಿಸಲು ಬರುವ ಹೊತ್ತಿಗೆ ಅವಳು ಇರುತ್ತಾಳೋ ಇಲ್ಲವೋ. ನಾಳೆ ಹೋಗುತ್ತೇವೆ ಎಂದು ಆ ದಿನ ಹೇಳಿದ ಅಷ್ಟೂ ಮನೆಗಳಲ್ಲಿ ನಿಜ ಹೇಳಿದ್ದು ಅವಳ ಮನೆಯೊಂದೇ.

ಉಳಿದವರೆಲ್ಲ ಅಲ್ಲೇ ಇದ್ದಾರೆ. ಎಣಿಕೆ ಮುಗಿದ ಮರುದಿನ ಬೆಳಿಗ್ಗೆ, ಇನ್ನೂ ಬಿಸಿಲೇರುವ ಮೊದಲೇ, ಉಚ್ಚೆಂಗಮ್ಮ ಮಗನನ್ನೂ ಹಳೆ ಸೀರೆಯ ತುಂಡನ್ನೂ ಎತ್ತಿಕೊಂಡು ಕಾಲುವೆ ಏರಿಯ ಮೇಲೆ ಗದ್ದೆಗೆ ಹೋದಳು.